ಹುಳದ ಮನೆಯ ಹೊರಗೆ ಮೂರು ದಿನ

ಆಶಾರಾಣಿಯ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಒಂಬತ್ತು ದಿನವಾಗಿತ್ತು. ಆ ಒಂಬತ್ತು ದಿನವೂ ನಮ್ಮ ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಒಂದೇ ಮಾತು, ಮೊಮ್ಮಗಳು ಮುಂದೆ ಏನು ಓದಬೇಕು ಅನ್ನುವುದು. ಓದಬೇಕಾದವಳೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಮಾತಾಡುತ್ತಿದ್ದರು.

“ಸೈನ್ಸ್ ತಗೊಳ್ಳಲಿ,” ಅಂದ ನನ್ನ ದೊಡ್ಡ ಮಗ ಭೀಮರಾಜ್, ಮುದ್ದೆ ಮುರಿಯುತ್ತಾ. “ಮುಳಬಾಗಿಲಲ್ಲಿ ಲೆಕ್ಚರರ್ ಒಬ್ಬರಿಗೆ ಹೇಳಿಟ್ಟಿದ್ದೀನಿ. ಆಮೇಲೆ ನರ್ಸಿಂಗೋ ಇನ್ನೊಂದೋ ನೋಡೋಣ.”

“ಟೀಚರ್ ಆಗ್ಲಿ ಬಿಡಿ,” ಅಂದಳು ಸೊಸೆ ಮುನಿಲಕ್ಷ್ಮಿ, ಒಲೆಯ ಹತ್ತಿರದಿಂದಲೇ. “ಭಾನುವಾರ ರಜ, ಬೇಸಿಗೇಲಿ ರಜ. ಕೂತ್ಕೊಳ್ಳೋಕೆ ಒಂದು ಕುರ್ಚಿ.”

ಕಿರಿಮಗ ಕದಿರೇಶ ನಕ್ಕ. ಅವನು ನರಸಾಪುರದ ಕಂಪನಿಗೆ ಶಿಫ್ಟ್ ಕೆಲಸಕ್ಕೆ ಹೋಗುವವನು, ಇನ್ನೂ ಮದುವೆಯಾಗಿಲ್ಲ. “ಕುರ್ಚಿ ಅಂತೆ ಕುರ್ಚಿ! ಈಗೆಲ್ಲಿದೆ ಅತ್ತಿಗೆ ಟೀಚರ್ ಕೆಲಸ? ಎರಡು ವರ್ಷ ಏನೋ ಒಂದು ಓದ್ಲಿ, ಹದಿನೆಂಟು ತುಂಬಲಿ. ಕಂಪನಿ ಬಸ್ಸು ರೋಡಿಗೇ ಬರುತ್ತೆ. ನಮ್ಮ ಲೈನಲ್ಲಿ ಹುಡುಗೀರೇ ಜಾಸ್ತಿ.”

“ನಿನ್ನ ಕಾಲು ತೋರಿಸೋ ಅವಳಿಗೆ,” ಅಂದೆ ನಾನು.

ನಿಂತು ನಿಂತು ಅವನ ಪಾದ ಊದಿಕೊಂಡಿರುತ್ತಿತ್ತು. ಅವನು ಕಾಲನ್ನು ಲುಂಗಿಯೊಳಗೆ ಎಳೆದುಕೊಂಡ.

“ನೀನೇನಾಗ್ತೀಯೇ? ಬಾಯಿ ಬಿಟ್ಟು ಹೇಳು,” ಅಂದ ಭೀಮರಾಜ್ ಮಗಳಿಗೆ.

“ಗೊತ್ತಿಲ್ಲಪ್ಪ.”

“ಗೊತ್ತಿಲ್ಲ ಅಂತ ಒಂದು ಕೋರ್ಸ್ ಇದೆಯಾ?”

ಹುಡುಗಿ ತಟ್ಟೆ ನೋಡುತ್ತಾ ಕೂತಳು. ನಾನು ಅಂದೆ, “ಅಲ್ಲಪ್ಪಾ, ಒಂದು ಸೀರೆ ತಗೊಳ್ಳೋಕೆ ನಾವು ನಾಲ್ಕು ಅಂಗಡಿ ಹತ್ತಿ ಇಳೀತೀವಿ. ಜೀವಮಾನ ಎಲ್ಲ ಮಾಡೋ ಕೆಲಸಾನ ನೋಡದೇನೇ ಹೇಳು ಅಂದ್ರೆ ಅದು ಎಲ್ಲಿಂದ ಹೇಳುತ್ತೆ? ಸ್ಕೂಲು ನೋಡಿದ್ದಾಳೆ, ಸೊಪ್ಪಿನ ತೋಟ ನೋಡಿದ್ದಾಳೆ, ಹುಳದ ಮನೆ ನೋಡಿದ್ದಾಳೆ. ಇನ್ನೇನು ನೋಡಿದ್ದಾಳೆ?”

“ತೋರಿಸೋಕೆ ಪುರಸೊತ್ತು ಯಾರಿಗಿದೆ? ನಾಡಿದ್ದು ಹುಳ ಬರ್ತಾವೆ,” ಅಂದು ಅವನು ಕೈ ತೊಳೆಯಲು ಎದ್ದ.

ನಮ್ಮದು ಬೈರಕೂರಿನ ಪಕ್ಕದ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಸೊಪ್ಪು, ಅಂಗಳದ ಆಚೆ ಬದಿಗೆ ರೇಷ್ಮೆ ಹುಳದ ಮನೆ. ಎರಡು ಜ್ವರ ದಾಟಿದ ಮರಿಗಳನ್ನು, ಮೊಟ್ಟೆ ಒಡೆಸಿ ಸಾಕಿಕೊಡುವ ಚಾಕಿ ಕೇಂದ್ರದಿಂದ ತರುತ್ತೇವೆ. ಹುಳ ತಿನ್ನುವುದು ಬಿಟ್ಟು ತಲೆ ಎತ್ತಿ ಕೂತು ಹಳೆ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಮನೆಗೆ ಬಂದ ಮೇಲೆ ಇನ್ನೆರಡು ಜ್ವರ, ಅದಾದ ಮೇಲೆ ಏಳೆಂಟು ದಿನ ಹಗಲೂ ರಾತ್ರಿ ತಿನ್ನುವುದು, ಆಮೇಲೆ ಹಣ್ಣಾಗಿ ಗೂಡು ಕಟ್ಟುವುದು. ಆ ಹದಿನೇಳು ಹದಿನೆಂಟು ದಿನ ಮನೆಯವರಾರೂ ಮದುವೆಗೂ ಹೋಗುವುದಿಲ್ಲ, ಸಾವಿಗೂ ಹೋಗುವುದಿಲ್ಲ. ಹೊರಗಿನವರು ಹುಳದ ಮನೆಯೊಳಗೆ ಬರುವ ಹಾಗಿಲ್ಲ. ಬಾಗಿಲಲ್ಲಿ ಸುಣ್ಣದ ಗೆರೆ ಎಳೆದಿರುತ್ತದೆ. ಮುಟ್ಟಾದ ಹೆಂಗಸು ಆ ಗೆರೆ ದಾಟುವ ಹಾಗಿಲ್ಲ, ಸೊಪ್ಪು ಮುಟ್ಟುವ ಹಾಗಿಲ್ಲ. ಮೂರು ದಿನ ಜಗುಲಿಯ ಮೇಲೆ ಇರಬೇಕು. ಇದನ್ನು ನನಗೆ ನನ್ನ ಅತ್ತೆ ಹೇಳಿದ್ದರು. ನಾನು ಮುನಿಲಕ್ಷ್ಮಿಗೆ ಹೇಳಿದ್ದೆ.

ಹುಳ ಬಂದ ಮಾರನೆಯ ದಿನ ಬೆಳಗ್ಗೆ ಆಶಾ ಚಾಪೆ ತಂದು ಜಗುಲಿಯ ಮೇಲೆ ಹಾಕಿಕೊಂಡಳು. ಮುನಿಲಕ್ಷ್ಮಿ ನೋಡಿ, “ಈಗಲೇ ಆಗ್ಬೇಕಿತ್ತಾ ನಿನಗೆ?” ಅಂದಳು. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದೆ.

“ಎಲ್ಲಿಗೆ ಅತ್ತೆ?”

“ಕೆಲಸ ನೋಡೋಕೆ. ಇವಳು ಹೇಗಿದ್ರೂ ಒಳಗೆ ಬರೋ ಹಾಗಿಲ್ಲ, ನಾನು ಹೇಗಿದ್ರೂ ಕೆಲಸಕ್ಕೆ ಬರೋಳಲ್ಲ. ಏಳೇ, ಆಧಾರ್ ಕಾರ್ಡ್ ತಗೋ.”

ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ ಆದಮೇಲೆ ನಾನು ಅದರಲ್ಲಿ ಆಸ್ಪತ್ರೆಗೆ ಬಿಟ್ಟು ಬೇರೆಲ್ಲಿಗೂ ಹೋದವಳಲ್ಲ. ಆ ಮೂರು ದಿನ ಹೋದೆ. ಓದಿದವಳಲ್ಲ ನಾನು, ಆದರೆ ಯಾರ ಮಗಳು ಎಲ್ಲಿದ್ದಾಳೆ ಅನ್ನುವುದು ನನಗೆ ಮರೆಯುವುದಿಲ್ಲ.

ಮೊದಲ ದಿನ ಮುಳಬಾಗಿಲು. ನನ್ನ ತಂಗಿಯ ಮಗಳು ಅಲ್ಲೊಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಅವಳ ಹಿಂದೆ ಹಿಂದೆ ಆಶಾಳನ್ನು ಬಿಟ್ಟು ನಾನು ಬೆಂಚಿನ ಮೇಲೆ ಕೂತೆ. ಸಾಯಂಕಾಲ ಬಸ್ಸಿನಲ್ಲಿ ಕೇಳಿದೆ, “ಹೇಗಿತ್ತೇ?”

“ಅಕ್ಕ ಒಳ್ಳೇವಳು ಅವ್ವ. ಎರಡು ಸಲ ಊಟದ ಡಬ್ಬಿ ತೆಗೆದ್ಲು, ಎರಡು ಸಲ ಮುಚ್ಚಿಟ್ಲು. ಕೊನೆಗೆ ತಿನ್ನಲೇ ಇಲ್ಲ.”

“ಆಗುತ್ತಾ ನಿನ್ನ ಕೈಲಿ?”

“ಅಮ್ಮನೂ ಹಂಗೇ ಮಾಡ್ತಾಳಲ್ಲ,” ಅಂದಳು.

ಎರಡನೇ ದಿನ ಕೋಲಾರ. ಕೋರ್ಟಿನ ಎದುರು ನಮ್ಮೂರ ಆಂಜಿನಪ್ಪ ಅರ್ಜಿ ಟೈಪ್ ಮಾಡುವ ಅಂಗಡಿ ಇಟ್ಟಿದ್ದಾನೆ. ಇವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಎರಡು ಪುಟ ಹೊಡೆಸಿದ. “ಬೆರಳು ಚೆನ್ನಾಗಿ ಓಡುತ್ತೆ ಶಾಮಲಮ್ಮ, ಬೇಕಾದ್ರೆ ಕಳಿಸು,” ಅಂದ.

ಬಸ್ಸಿನಲ್ಲಿ ಅವಳು ಹೇಳಿದಳು, “ಬೇರೆಯವರ ಜಗಳಾನ ಇಡೀ ದಿನ ಟೈಪ್ ಮಾಡ್ತಾರೆ ಅವ್ವ. ಕೊನೆಗೆ ಯಾರು ಗೆದ್ರು ಅಂತ ಅವರಿಗೇ ಗೊತ್ತಾಗಲ್ಲವಂತೆ.”

ಮೂರನೇ ದಿನ ಶ್ರೀನಿವಾಸಪುರದ ಹತ್ತಿರ ನನ್ನ ತವರಿಗೆ ಕರೆದುಕೊಂಡು ಹೋದೆ. ಅಲ್ಲಿ ಕೆಲಸ ತೋರಿಸುವ ಯೋಚನೆ ನನಗಿರಲಿಲ್ಲ. ತಮ್ಮ ಚನ್ನರಾಯಪ್ಪನಿಗೂ ದಾಯಾದಿ ಮುನಿರಾಮಪ್ಪನಿಗೂ ಮಾವಿನ ತೋಟದ ಅಳತೆ ಇತ್ತು. ಹಿರಿಯಳಾಗಿ ನಾನಿದ್ದರೆ ಕೈ ಕೈ ಮಿಲಾಯಿಸುವುದಿಲ್ಲ ಅಂತ ತಮ್ಮ ಹೇಳಿಕಳಿಸಿದ್ದ.

ಅಳೆಯಲು ಬಂದವಳು ಒಬ್ಬ ಹೆಣ್ಣುಮಗಳು. ಮಾಲೂರಿನವಳು, ನಿಖತ್ ಅಂತ. ತಲೆಗೆ ದುಪಟ್ಟಾ, ಅದರ ಮೇಲೆ ಟೋಪಿ, ಕಾಲಿಗೆ ಬೂಟು. ಮೂರು ಕಾಲಿನ ಮೇಲೆ ಒಂದು ಯಂತ್ರ ನಿಲ್ಲಿಸಿದಳು. ಅವಳ ಜೊತೆಗೆ ಬರಬೇಕಾದ ಆಳು ಬಂದಿರಲಿಲ್ಲ.

“ಏನಮ್ಮಾ, ಈ ಕೋಲು ಹಿಡ್ಕೊಳ್ತೀಯಾ?” ಅಂದಳು ಆಶಾಗೆ. “ಅಲ್ಲಾಡಿಸಬಾರದು. ಆ ನೀರಿನ ಗುಳ್ಳೆ ಇದೆಯಲ್ಲ, ಅದು ಮಧ್ಯಕ್ಕೆ ಬಂದು ನಿಲ್ಲಬೇಕು. ನಿಂತ ಮೇಲೆ ಉಸಿರೂ ಬಿಡಬೇಡ.”

ತುದಿಗೆ ಕನ್ನಡಿ ಕಟ್ಟಿದ ಕೋಲು ಅದು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ ಹುಡುಗಿ ಅದನ್ನು ಹಿಡಿದು ತೋಟವೆಲ್ಲ ತಿರುಗಿದಳು. ಗಡಿಯ ಮೇಲೆ ಒಂದು ಬಾದಾಮಿ ಮಾವಿನ ಮರ ಇತ್ತು. ಅದರ ಬುಡದಲ್ಲಿ ಇಬ್ಬರು ಮುದುಕರೂ ನಿಂತರು.

“ನಮ್ಮಪ್ಪ ಹಾಕಿದ ಮರ ಇದು!” ಅಂದ ಮುನಿರಾಮಪ್ಪ.

“ನೀರು ಹಾಕಿದ್ದು ಯಾರ್ಲಾ? ನಿಮ್ಮಪ್ಪ ಗಿಡ ಹಾಕಿ ಹೆಂಡದಂಗಡಿಗೆ ಹೋದ!”

ನಿಖತ್ ಯಂತ್ರದೊಳಗೆ ನೋಡಿದಳು. ಕಾಗದದ ಮೇಲೆ ಏನೋ ಬರೆದಳು. ಆಮೇಲೆ ದನಿ ಏರಿಸದೆ ಹೇಳಿದಳು, “ಮರ ಚನ್ನರಾಯಪ್ಪನವರ ಕಡೆ ಬರುತ್ತೆ. ಬಾವಿಯ ದಾರಿ ಮುನಿರಾಮಪ್ಪನವರಿಗೆ. ಇಲ್ಲಿ ಒಂದು ಕಲ್ಲು ಹಾಕಿ.”

ಇಬ್ಬರೂ ಸುಮ್ಮನಾದರು. ನಮ್ಮ ತಮ್ಮ ಹನ್ನೊಂದು ವರ್ಷದಿಂದ ಸುಮ್ಮನಾಗಿರಲಿಲ್ಲ.

ಬಸ್ಸಿನಲ್ಲಿ ನಾನು ಕೇಳಬೇಕಾಗಲೇ ಇಲ್ಲ. “ಅವ್ವ, ನೋಡಿದ್ಯಾ? ಅವರು ಕೂಗಾಡಲೇ ಇಲ್ಲ. ಒಂದು ಮಾತು ಹೇಳಿದ್ರು ಅಷ್ಟೆ. ಇವರಿಬ್ರೂ ಬಾಯಿ ಮುಚ್ಕೊಂಡ್ರು. ನಾನು ಕೇಳಿದೆ ಅವರನ್ನ. ಡಿಪ್ಲೊಮಾ, ಸಿವಿಲ್, ಮೂರು ವರ್ಷ. ಎಸ್ಸೆಸ್ಸೆಲ್ಸಿ ಆದ್ಮೇಲೆ ನೇರ ಸೇರಬಹುದಂತೆ. ಅರ್ಜಿ ಹಾಕೋಕೆ ಇನ್ನು ನಾಲ್ಕೇ ದಿನ.” ಅವಳ ಮುಖ ಬಿಸಿಲಿಗೆ ಕೆಂಪಗಾಗಿತ್ತು. ಅವಳು ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಭೀಮರಾಜ್ ಸೊಪ್ಪಿನ ಹೊರೆ ಇಳಿಸುತ್ತಿದ್ದ.

“ಬಿಸಿಲಲ್ಲಿ ಕೋಲು ಹಿಡ್ಕೊಂಡು ನಿಲ್ಲೋಕೆ ಮೂರು ವರ್ಷ ಓದ್ಬೇಕಾ? ಅದಕ್ಕೆ ಇಲ್ಲೇ ಇದೆಯಲ್ಲ ಬಿಸಿಲು.”

“ಕೋಲು ಹಿಡಿಯೋದಲ್ಲಪ್ಪ, ಅಳೆಯೋದು.”

“ಗಂಡಸರ ಗದ್ದೆ ಜಗಳದ ಮಧ್ಯೆ ನಿನ್ನನ್ನ ನಿಲ್ಲಿಸಿ ನಾನು ಮನೇಲಿ ನಿದ್ದೆ ಮಾಡ್ಲಾ? ಸೈನ್ಸ್ ಅಂದ್ರೆ ಸೈನ್ಸ್. ಆ ಲೆಕ್ಚರರಿಗೆ ಮಾತು ಕೊಟ್ಟಾಗಿದೆ.”

“ಯಾರನ್ನ ಕೇಳಿ ಕೊಟ್ಟೆ?” ಅಂದಳು ಹುಡುಗಿ.

ಅವನು ಹೊರೆ ಅಲ್ಲೇ ಬಿಟ್ಟು ತಿರುಗಿದ. ಮುನಿಲಕ್ಷ್ಮಿ ನಡುವೆ ಬಂದಳು. “ಎಲ್ಲ ಈ ಅತ್ತೆಯಿಂದ. ಮೂರು ದಿನ ಊರು ಸುತ್ತಿಸಿ ತಲೆ ಕೆಡಿಸಿ ತಂದಿದ್ದಾರೆ. ನೀನು ಹೋಗೇ, ಕಸ ಗುಡಿಸು.”

ಅರ್ಜಿಯನ್ನು ಕದಿರೇಶ ತನ್ನ ಫೋನಿನಲ್ಲೇ ಹಾಕಿದ. ಹಿತ್ತಲಿನ ಕಲ್ಲಿನ ಮೇಲೆ ಕೂತು, ಅವಳ ಅಂಕಪಟ್ಟಿಯ ಫೋಟೋ ತೆಗೆಯುತ್ತಾ, “ನನ್ನ ಹೆಸರು ಎಲ್ಲೂ ಬರಬಾರದು ಕಣೇ. ಅಣ್ಣ ನನ್ನ ಸಿಗಿದು ತೋರಣ ಕಟ್ತಾನೆ,” ಅಂದ.

“ನೀನೇ ಅಲ್ವಾ ಚಿಕ್ಕಪ್ಪ ಕಂಪನಿಗೆ ಬಾ ಅಂದಿದ್ದು?”

“ಅಂದೆ. ಬರ್ತೀಯ ಅಂದ್ಕೊಂಡಿರಲಿಲ್ಲ.”

ಸೀಟು ಹಂಚುವ ದಿನ ಫೋನಿಗೆ ಬಂತು. ಕೋಲಾರದಲ್ಲಿ, ಸೋಮವಾರ. ನಾನು ಬೆರಳು ಮಡಿಸಿದೆ. ಅವತ್ತಿಗೆ ಹುಳ ನಾಲ್ಕನೇ ಜ್ವರ ಎದ್ದು ನಾಲ್ಕನೇ ದಿನ. ಹುಳ ಸೊಪ್ಪು ತಿನ್ನುವ ಸದ್ದು ಅಂಗಳದ ತನಕ ಕೇಳುವ ದಿನ. ಅವತ್ತು ಈ ಮನೆಯಿಂದ ಒಬ್ಬರೂ ಅಲುಗುವ ಹಾಗಿಲ್ಲ.

ಸೋಮವಾರ ಬೆಳಗ್ಗೆ ಆಶಾ ಚಾಪೆ ತಂದು ಜಗುಲಿಯ ಮೇಲೆ ಹಾಕಿದಳು.

ಮುನಿಲಕ್ಷ್ಮಿ ಸಗಣಿ ಬುಟ್ಟಿ ಹಿಡಿದು ನಿಂತಳು. “ಮತ್ತೆ? ಇನ್ನೂ ಎರಡು ವಾರ ಆಗಿಲ್ಲವಲ್ಲೇ.”

“ಗೊತ್ತಿಲ್ಲಮ್ಮ.”

ಮುನಿಲಕ್ಷ್ಮಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಎಲೆಯಡಿಕೆ ಚೀಲದೊಳಗೆ ಕೈ ಹಾಕಿ ಅದರಲ್ಲಿಲ್ಲದ ಏನನ್ನೋ ಹುಡುಕಿದೆ. “ಈ ವಯಸ್ಸಲ್ಲಿ ಹಂಗೂ ಆಗುತ್ತೆ. ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ,” ಅಂದೆ. ನಲವತ್ತೆಂಟು ವರ್ಷದಿಂದ ಆ ಮನೆಯಲ್ಲಿ ಇದ್ದೇನೆ, ಸುಳ್ಳು ಹೇಳುವುದು ಹೊಸದಾಗಿರಲಿಲ್ಲ.

ಹೊರಡುವಾಗ ಮೋಡ ಮುಚ್ಚಿತ್ತು. ಬಸ್ಸು ಹತ್ತುವ ಹೊತ್ತಿಗೆ ಮಳೆ ಹಿಡಿಯಿತು.

ಕೋಲಾರದಲ್ಲಿ ಸಾಲು ದೊಡ್ಡದಿತ್ತು. ನಮ್ಮ ಸರದಿ ಬಂದಾಗ ಕನ್ನಡಕದ ಗುಮಾಸ್ತ ಕಾಗದ ತಿರುವಿ, “ತಂದೆ ಎಲ್ಲಿ?” ಅಂದ.

“ಹುಳ ಇದೆ ಸ್ವಾಮಿ ಮನೇಲಿ.”

ಅವನು ತಲೆ ಎತ್ತಿದ. “ಎಷ್ಟನೇ ಜ್ವರ?”

“ನಾಲ್ಕೆದ್ದು ನಾಲ್ಕು ದಿನ.”

“ಹಾಗಾದ್ರೆ ಬರಲ್ಲ ಬಿಡಿ. ನಮ್ಮಪ್ಪ ನನ್ನ ಮದುವೇಲೂ ಧಾರೆ ಹೊತ್ತಿಗೆ ಬಂದು ಊಟಕ್ಕಿಲ್ಲದೆ ಹೋದ್ರು. ಪೋಷಕರು ಅನ್ನೋ ಕಡೆ ನೀವೇ ಹಾಕಿ ಅವ್ವಾ. ಹೆಬ್ಬೆಟ್ಟಾ, ಸೈನಾ?”

“ಸೈನು,” ಅಂದೆ. ನಾನು ಎರಡನೇ ಕ್ಲಾಸು. ಹಿಂದಿನವರು ಗೊಣಗುವಷ್ಟು ಹೊತ್ತು ಹಿಡಿದು ಬರೆದೆ. ಸಿವಿಲ್ ಅಂತ ಬರೆದುಕೊಟ್ಟರು. ಕ್ಲಾಸು ಶುರುವಾಗುವ ದಿನ ಫೋನಿಗೆ ಬರುತ್ತದೆ, ಆ ದಿನ ಬಂದು ಸೇರದಿದ್ದರೆ ಸೀಟು ಇನ್ನೊಬ್ಬರಿಗೆ ಹೋಗುತ್ತದೆ ಅಂದರು.

ಮನೆಯಲ್ಲಿ ಆ ದಿನ ಏನಾಯಿತು ಅನ್ನುವುದು ನಮಗೆ ಆಮೇಲೆ ತಿಳಿಯಿತು. ಕೊಯ್ದ ಸೊಪ್ಪೆಲ್ಲ ಮಳೆಗೆ ನೆಂದಿತ್ತು. ನೆಂದ ಸೊಪ್ಪನ್ನು ಹರಡಿ, ಒದರಿ, ನೀರಾರಿಸಿ ಹಾಕಬೇಕು. ಅದು ಆಶಾ ಮಾಡುವ ಕೆಲಸ. ಮುನಿಲಕ್ಷ್ಮಿ ಒಬ್ಬಳೇ ಎಷ್ಟು ಆರಿಸಿಯಾಳು? ಹುಳ ಹಸಿದು ತಲೆ ಎತ್ತುತ್ತಿದ್ದವು. ಭೀಮರಾಜ್ ಅರ್ಧ ನೆಂದಿದ್ದನ್ನೇ ಹಾಕಿದ. ಆ ರೀತಿ ಲೆಕ್ಕ ಹಾಕಿದರೆ ತಪ್ಪು ನಮ್ಮದೂ ಹೌದು.

ಮಂಗಳವಾರ ಮಧ್ಯಾಹ್ನ ಭೀಮರಾಜ್ ತೋಟದಲ್ಲಿದ್ದ. ಹುಳದ ಮನೆಯಲ್ಲಿ ಮುನಿಲಕ್ಷ್ಮಿ ಹೊರೆ ಎತ್ತಲು ಹೋಗಿ ಗೋಡೆ ಹಿಡಿದು ಕೂತುಬಿಟ್ಟಳು. ಬೆಳಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಜಗುಲಿಯ ಮೇಲಿದ್ದ ಆಶಾ ನೋಡಿದಳು. ತಾನು ಹೊರಗಾಗಿಲ್ಲ ಅನ್ನುವುದು ಅವಳಿಗೆ ಗೊತ್ತು. ಎದ್ದು, ಕಾಲು ತೊಳೆದು, ಗೆರೆ ದಾಟಿ ಒಳಗೆ ಹೋದಳು. ಅಮ್ಮನನ್ನು ಎಬ್ಬಿಸಿ ಬಾಗಿಲ ಹತ್ತಿರ ಕೂರಿಸಿ, ಹೊರೆ ಬಿಚ್ಚಿ ಸೊಪ್ಪು ಹಾಕತೊಡಗಿದಳು.

“ಬರಬೇಡ ಕಣೇ, ಬರಬೇಡ,” ಅಂತ ಮುನಿಲಕ್ಷ್ಮಿ ಕೂಗುತ್ತಿದ್ದಳು. ಅಷ್ಟರಲ್ಲಿ ಭೀಮರಾಜ್ ಅಂಗಳಕ್ಕೆ ಬಂದ.

ಅವನು ಅವಳನ್ನು ನೋಡಿದ, ಹೊರೆ ಇಳಿಸಿ ಮತ್ತೆ ತೋಟಕ್ಕೆ ಹೋದ. ಬುಧವಾರ ಬೆಳಗ್ಗೆ ಕೆಳಗಿನ ಎರಡು ಸಾಲಿನಲ್ಲಿ ಹುಳ ಸೊಪ್ಪು ಮುಟ್ಟಲಿಲ್ಲ. ಮೈ ಸಡಿಲವಾಗಿ ಜೋಲು ಬಿದ್ದಿದ್ದವು. ಸಪ್ಪೆ ರೋಗ. ಮುಟ್ಟಿದರೆ ಕೈಗೆ ಕಪ್ಪು ನೀರು. ಭೀಮರಾಜ್ ಒಂದು ಬುಟ್ಟಿ ತುಂಬ ಸತ್ತ ಹುಳ ತಂದು ಜಗುಲಿಯ ಮುಂದೆ ಇಟ್ಟ.

“ನೋಡು. ಕಣ್ತುಂಬ ನೋಡು. ಮುಟ್ಟಾಗಿ ಒಳಗೆ ಹೋದೆಯಲ್ಲ, ಅದರ ಫಲ ಇದು.”

ಆಶಾ ಬುಟ್ಟಿ ನೋಡುತ್ತಾ ನಿಂತಳು. ನನಗೆ ಅವಳ ಪಾಡು ಗೊತ್ತಿತ್ತು. ಹೌದು ಅಂದರೆ ಬೆಳೆ ಕೊಂದವಳಾಗಬೇಕು. ಇಲ್ಲ, ನಾನು ಮುಟ್ಟಾಗಿರಲಿಲ್ಲ ಅಂದರೆ ಸೋಮವಾರ ಎಲ್ಲಿಗೆ ಹೋಗಿದ್ದೆ ಅಂತ ಹೇಳಬೇಕು. ಹೇಳಿದರೆ ಸೀಟು ಹೋಯಿತು. ಅವಳು ಬುಟ್ಟಿಯಿಂದ ಕಣ್ಣೆತ್ತಲಿಲ್ಲ. ಬೆಳೆ ಕೊಂದವಳಾಗಲು ಒಪ್ಪಿಕೊಂಡಳು.

“ಇಷ್ಟು ದೊಡ್ಡವಳಾಗಿದ್ದೀಯ, ಬುದ್ಧಿ ಬೇಡ್ವಾ? ಇವಳಿಗೆ ಓದಂತೆ! ಮನೆ ಹಾಳು ಮಾಡೋಳಿಗೆ!”

“ಸಾಕು ಮಾಡೋ,” ಅಂದೆ ನಾನು. “ಮುಟ್ಟಾದವಳು ಹೋದ್ರೆ ಹುಳ ಸಾಯೋದಾದ್ರೆ ಈ ಮನೇಲಿ ಒಂದು ಬೆಳೆಯೂ ಆಗ್ತಿರಲಿಲ್ಲ.”

“ಏನಂದೆ?”

“ನೀನು ಹೊಟ್ಟೇಲಿರೋದಕ್ಕೆ ಮೊದಲು. ನಿಮ್ಮಜ್ಜಿ ಕೈ ಮುರ್ಕೊಂಡು ಮಲಗಿದ್ರು. ನಿಮ್ಮಪ್ಪ ಜಾಂಡೀಸ್ ಅಂತ ಮಲಗಿದ್ರು. ನಾನೊಬ್ಬಳೇ. ಹೊರಗಾದೆ. ಯಾರಿಗೆ ಹೇಳ್ಲಿ? ಒಳಗೆ ಹೋದೆ, ಸೊಪ್ಪು ಹಾಕಿದೆ. ಹೆದರಿ ಹೆದರಿ ಸತ್ತೆ. ಬೆಳೆ ಚೆನ್ನಾಗಿ ಬಂತು. ಆಮೇಲೆ ಕೈ ಸಾಲದಾಗೆಲ್ಲ ಹೋಗಿದ್ದೀನಿ. ಎಷ್ಟು ಸಲ ಅಂತ ಎಣಿಸಿಲ್ಲ. ನಿನ್ನ ಸ್ಕೂಲು, ಇವನ ಐಟಿಐ, ಎಲ್ಲ ಆ ಗೂಡಲ್ಲೇ ಆಗಿದ್ದು.”

ಶಿಫ್ಟ್ ಮುಗಿಸಿ ಬಂದಿದ್ದ ಕದಿರೇಶ ಕೈಯಲ್ಲಿ ಬೂಟು ಹಿಡಿದು ಬಾಗಿಲಲ್ಲೇ ನಿಂತಿದ್ದ.

ಆಗ ಆಶಾ ಬಾಯಿ ಬಿಟ್ಟಳು. “ಅಪ್ಪ, ನಾನು ಹೊರಗಾಗಿರಲೇ ಇಲ್ಲ. ಸುಳ್ಳು ಹೇಳಿದೆ. ಸೋಮವಾರ ಕೋಲಾರಕ್ಕೆ ಹೋಗಿ ಸೀಟು ತಗೊಂಡೆ. ಸಿವಿಲ್.”

“ಯಾರು ಸೈನ್ ಹಾಕಿದ್ದು?”

“ನಾನು,” ಅಂದೆ.

ಅವನು ನನ್ನನ್ನು ನೋಡಿದ. ಅವನ ಕಣ್ಣು ನಾಲ್ಕು ದಿನ ನಿದ್ದೆಗೆಟ್ಟು ಕೆಂಪಗಿತ್ತು. “ಒಬ್ಬಳು ಮುಟ್ಟಾಗದೇ ಆಗಿದ್ದೀನಿ ಅಂತಾಳೆ. ಒಬ್ಬಳು ಮುಟ್ಟಾಗಿ ಆಗಿಲ್ಲ ಅಂತಾಳೆ. ಈ ಮನೇಲಿ ನಾನು ಯಾರನ್ನ ನಂಬಲಿ?” ಅಂದು ಬುಟ್ಟಿ ಎತ್ತಿಕೊಂಡು ಗುಂಡಿ ತೋಡಲು ಹೋದ.

ಮಧ್ಯಾಹ್ನ ರೇಷ್ಮೆ ಇಲಾಖೆಯವರು ಬಂದು, ಒಂದು ಹುಳ ಅಂಗೈ ಮೇಲೆ ಇಟ್ಟುಕೊಂಡು, “ನೆಂದ ಸೊಪ್ಪು ಹಾಕಿದ್ರಾ?” ಅಂತ ಕೇಳಿದರು. ಭೀಮರಾಜ್ ಸುಣ್ಣ ಉದುರಿಸುತ್ತಲೇ ಇದ್ದ. ಕೊನೆಗೆ ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲು ಉಳಿಯಿತು.

ಗೂಡು ಮಾರಿ ಬಂದ ಮೇಲೂ ಅವನು ನಮ್ಮಿಬ್ಬರ ಹತ್ತಿರ ಮಾತಾಡಲಿಲ್ಲ. ಸಾರು ಬೇಕಾದರೆ ತಟ್ಟೆ ಸರಿಸುತ್ತಿದ್ದ. ಓದಿನ ಮಾತು ಊಟದ ಹೊತ್ತಿಗೆ ಬರುವುದೇ ನಿಂತಿತು. ಸೇರುವುದಕ್ಕೆ ಬೇಡ ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಸೈನ್ಸ್ ಕಾಲೇಜಿನ ಕೊನೆಯ ದಿನ ಸುಮ್ಮನೆ ಕಳೆದುಹೋಯಿತು. ಹುಡುಗಿ ಎರಡೂ ಇಲ್ಲದವಳಂತೆ ಹಸುವಿಗೆ ಹುಲ್ಲು ಕೊಯ್ದುಕೊಂಡು ಇದ್ದಳು.

ಮುನಿಲಕ್ಷ್ಮಿ ಮಾತ್ರ ಬೇರೆ ಕಾರಣಕ್ಕೆ ಸಿಟ್ಟಾಗಿದ್ದಳು. ಅದು ನನಗೆ ತಿಳಿದದ್ದು ಚಂದ್ರಿಕೆಗಳನ್ನು ತೊಳೆಯುವ ದಿನ. ಹುಳ ಗೂಡು ಕಟ್ಟಲು ಬಿಡುವ ಆ ದೊಡ್ಡ ಬಿದಿರಿನ ತಟ್ಟೆಗಳನ್ನು ತೊಟ್ಟಿಯಲ್ಲಿ ಅದ್ದಿ ಉಜ್ಜುತ್ತಿದ್ದೆವು.

“ಅತ್ತೆ, ಒಂದು ಕೇಳ್ತೀನಿ. ನಾನು ಈ ಮನೆಗೆ ಬಂದು ಹತ್ತೊಂಬತ್ತು ವರ್ಷ. ಪ್ರತಿ ತಿಂಗಳೂ ನನ್ನನ್ನ ಜಗುಲಿ ಮೇಲೆ ಕೂರಿಸಿದ್ರಿ. ಏನೂ ಆಗಲ್ಲ ಅಂತ ಗೊತ್ತಿದ್ದೂ ಕೂರಿಸಿದ್ರಾ?”

“ಕೂರಿಸಿದೆ.”

“ಯಾಕೆ?”

“ಕೂರ್ಲಿ ಅಂತ. ನಿನಗೆ ಕೂರೋಕೆ ಬೇರೆ ದಿನ ಎಲ್ಲಿತ್ತು? ನನ್ನ ಕೈ ಆಗ ಗಟ್ಟಿ ಇತ್ತು.”

ಅವಳು ಉಜ್ಜುವುದು ನಿಲ್ಲಿಸಿದಳು.

“ಹಂಗಾದ್ರೆ ಯಾಕೆ ಬಾಯಿ ಬಿಟ್ರಿ? ಅಷ್ಟು ವರ್ಷ ಮುಚ್ಚಿಟ್ಟೋರು ಇನ್ನೊಂದು ಸ್ವಲ್ಪ ವರ್ಷ ಮುಚ್ಚಿಡೋಕಾಗ್ಲಿಲ್ವಾ? ಅವರ ಕಿವಿಗೆ ಬಿತ್ತಲ್ಲ ಅತ್ತೆ. ಇನ್ನು ಆ ಮೂರು ದಿನಾನೂ ಹೋಯ್ತು.”

“ಹುಡುಗಿ ಮೇಲೆ ಬಂತಲ್ಲೇ.”

“ಹುಡುಗಿ ಮೇಲೆ ಬಂತು, ಹೌದು,” ಅಂದಳು. ಮತ್ತೆ ಉಜ್ಜತೊಡಗಿದಳು. “ನನ್ನದೇ ಮಗಳು. ಏನನ್ನಲಿ?”

ಜುಲೈಯಲ್ಲಿ ಮುಂದಿನ ಬೆಳೆ ಹಾಕಿದೆವು. ಈ ಸಲ ಸೊಪ್ಪೂ ಚೆನ್ನಾಗಿತ್ತು, ಹುಳವೂ ಚೆನ್ನಾಗಿತ್ತು. ಅದರ ನಡುವೆಯೇ ಪಾಲಿಟೆಕ್ನಿಕ್ಕಿನಿಂದ ಫೋನಿಗೆ ಮೆಸೇಜು ಬಂತು. ಗುರುವಾರ ಸೇರಲು ಕೊನೆಯ ದಿನ.

ಬುಧವಾರ ಅಲ್ಲೊಂದು ಇಲ್ಲೊಂದು ಹುಳ ಹಣ್ಣಾದವು. ಗುರುವಾರ ಬೆಳಗಾಗುವ ಹೊತ್ತಿಗೆ ಮೈಯೆಲ್ಲ ಹೊಂಬಣ್ಣವಾಗಿ ರಾಶಿ ರಾಶಿ ತಲೆ ಎತ್ತಿದ್ದವು. ಅವನ್ನು ಅವತ್ತೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಇಬ್ಬರು ಕೂಲಿಗೆ ಹೇಳಿದ್ದರೆ ಒಬ್ಬಳು ಬಂದಿದ್ದಳು. ಕದಿರೇಶನಿಗೆ ಮೊದಲ ಶಿಫ್ಟ್, ಐದಕ್ಕೇ ಹೋಗಿದ್ದ. ಮುನಿಲಕ್ಷ್ಮಿ ಹಿಂದಿನ ದಿನದಿಂದ ಜಗುಲಿಯ ಮೇಲಿದ್ದಳು. ಹೊಟ್ಟೆ ನೋವಿಗೆ ನಡುವಿಗೆ ಟವೆಲ್ ಬಿಗಿದುಕೊಂಡು, ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದಳು.

ಆಶಾ ಚೀಲ ಹಾಕಿಕೊಂಡು ಅಂಗಳಕ್ಕೆ ಬಂದಳು. ಭೀಮರಾಜ್ ಹುಳದ ಮನೆಯಿಂದ ಹೊರಗೆ ಬಂದ. ಒಂದೂವರೆ ತಿಂಗಳಲ್ಲಿ ಮಗಳ ಹತ್ತಿರ ಅವನಾಡಿದ ಮೊದಲ ಮಾತು ಅದು.

“ಇವತ್ತು ಬೇಡ. ನಾಳೆ ಹೋಗು.”

“ನಾಳೆ ಸೀಟಿರಲ್ಲಪ್ಪ.”

“ಹುಳಕ್ಕೆ ನಾಳೆ ಇದೆಯಾ?”

ಅದರಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಸುಸ್ತಾಗಿತ್ತು. ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

“ನಾನು ಬರ್ತೀನಿ ಬಾರೋ ಒಳಗೆ,” ಅಂದೆ.

“ನೀನು ಕೂತ್ರೆ ಏಳೋಕೆ ಒಬ್ಬರು ಬೇಕು, ಎದ್ರೆ ಕೂರೋಕೆ ಒಬ್ಬರು ಬೇಕು. ಸುಮ್ನಿರಮ್ಮ.” ಅವನು ಜಗುಲಿಯ ಕಡೆ ತಿರುಗಿದ. “ನೀನೇ ಹೇಳಿದ್ಯಲ್ಲ ಅಮ್ಮ, ಏನೂ ಆಗಲ್ಲ ಅಂತ. ಇವಳು ಒಳಗೆ ಬರ್ಲಿ, ಅವಳು ಹೋಗ್ಲಿ. ಇಬ್ಬರಲ್ಲಿ ಒಬ್ಬರು ಬೇಕು ನನಗೆ. ಯಾರು ಅಂತ ನೀವೇ ಹೇಳಿ.”

ಮುನಿಲಕ್ಷ್ಮಿ ಗಂಡನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ.

“ಅಮ್ಮಾ, ಬೇಡ. ನಾನೇ ಇರ್ತೀನಿ,” ಅಂದಳು ಆಶಾ. ಚೀಲದ ಪಟ್ಟಿ ಹೆಗಲಿನಿಂದ ಇಳಿಸಿದಳು.

“ಬಸ್ಸು ಎಷ್ಟೊತ್ತಿಗೇ?” ಅಂದಳು ಮುನಿಲಕ್ಷ್ಮಿ.

“ಏಳೂ ಮುಕ್ಕಾಲು.”

“ಈಗಲೇ ಏಳೂವರೆ. ನಿಂತಿದ್ದೀಯಲ್ಲ, ನೆಟ್ಟ ಕಲ್ಲಿನ ಹಾಗೆ!”

ಅವಳು ಲೋಟ ಕೆಳಗಿಟ್ಟಳು. ಕಂಬ ಹಿಡಿದು ಎದ್ದಳು. ಟವೆಲ್ ಇನ್ನೊಂದು ಸುತ್ತು ಬಿಗಿದು, ಸೆರಗು ಸಿಕ್ಕಿಸಿ, ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದಳು. ಸುಣ್ಣದ ಗೆರೆಯ ಹತ್ತಿರ ನಿಂತಳು. ಹತ್ತೊಂಬತ್ತು ವರ್ಷ ನಂಬಿದ್ದವಳು, ಒಂದು ಸಲ ಕೈ ಮುಗಿದಳು. ಯಾರಿಗೆ ಅಂತ ನನಗೆ ತಿಳಿಯಲಿಲ್ಲ. ಆಮೇಲೆ ಕಾಲೆತ್ತಿ ಒಳಗಿಟ್ಟಳು.

“ಬುಟ್ಟಿ ಎಲ್ಲಿ ಇಟ್ಟಿದ್ದೀರ್ರೀ?” ಅಂದದ್ದು ಒಳಗಿನಿಂದ ಕೇಳಿಸಿತು.

ಭೀಮರಾಜ್ ಅವಳ ಹಿಂದೆ ಹೋದ. ಆಶಾ ಒಂದು ಗಳಿಗೆ ಬಾಗಿಲು ನೋಡುತ್ತಾ ನಿಂತವಳು, ಚೀಲ ಅವಚಿಕೊಂಡು ರೋಡಿನ ಕಡೆ ಓಡಿದಳು. ಜಗುಲಿಯ ಮೇಲೆ ಲೋಟದಲ್ಲಿ ಅರ್ಧ ಕಾಫಿ ಉಳಿದಿತ್ತು, ಇನ್ನೂ ಬಿಸಿಯಾಗಿತ್ತು. ಹೊರಗಾದವಳ ಲೋಟವನ್ನು ನಮ್ಮ ಮನೆಯಲ್ಲಿ ಬೇರೆಯವರು ಮುಟ್ಟುವುದಿಲ್ಲ. ನಾನು ಅದನ್ನು ಎತ್ತಿಕೊಂಡು ಹೋಗಿ, ತೊಳೆದು, ಒಳಗಿನ ಲೋಟಗಳ ಜೊತೆಗೆ ಬೋರಲು ಹಾಕಿದೆ. ಆಮೇಲೆ ಅವಳ ಚಾಪೆ ಸುತ್ತಿಟ್ಟೆ.